ಸಾಕ್ಷ್ಯಚಿತ್ರ ನೋಡುವವರಿಗೆ, ಮಾಡುವವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಕೆಲವು ವರ್ಷಗಳಲ್ಲಿ ಭಾರತದ ಸಾಕ್ಷ್ಯಚಿತ್ರಗಳು ಸನ್‌ಡ್ಯಾನ್ಸ್, ಕಾನ್ ಚಿತ್ರೋತ್ಸವಗಳಿಗೆ, ಆಸ್ಕರ್‌ವರೆಗೂ ಹೋಗಿ ಬಂದವು. ಅದರ ಬೆನ್ನಿಗೇ ನಮಗೆ ಬರುವ ಪತ್ರಗಳ ಧಾಟಿಯೂ ಬದಲಾಗಿದೆ. ‘ಯಾವುದನ್ನು ನೋಡಲಿ’ ಎಂದು ಕೇಳುವವರ ಜೊತೆಗೆ ‘ನಮ್ಮೂರಿನವರ ಬಗ್ಗೆ ನಾನೇ ಒಂದು ಮಾಡಬೇಕು, ಹೇಗೆ’ ಎಂದು ಕೇಳುವವರು ಹೆಚ್ಚಿದ್ದಾರೆ. ಈ ಸಲದ ಅಂಕಣ ಪೂರ್ತಿ ಈ ಇಬ್ಬರಿಗೂ.

ಪ್ರಶ್ನೆ: ಪಿಯುಸಿ ಮಕ್ಕಳಿಗೆ ತಿಂಗಳಿಗೊಂದು ಸಾಕ್ಷ್ಯಚಿತ್ರ ತೋರಿಸುವ ಯೋಚನೆಯಿದೆ. ಹೊಸ ಚಿತ್ರಗಳಲ್ಲಿ ಯಾವುದರಿಂದ ಶುರು ಮಾಡಲಿ? ಮಕ್ಕಳಿಗೆ ಬೇಗ ಬೇಸರ ಬರುತ್ತದೆ. (ಉಪನ್ಯಾಸಕಿ, ಶಿವಮೊಗ್ಗ)

ಚಿಕ್ಕದರಿಂದ ಶುರು ಮಾಡಿ. ‘ದಿ ಎಲಿಫೆಂಟ್ ವಿಸ್ಪರರ್ಸ್’ (2022) ಸುಮಾರು 40 ನಿಮಿಷದ್ದು, ಒಂದು ಪೀರಿಯಡ್‌ನಲ್ಲಿ ಮುಗಿಯುತ್ತದೆ. ನಮ್ಮ ಬಂಡೀಪುರಕ್ಕೆ ಅಂಟಿಕೊಂಡಿರುವ ಮುದುಮಲೈ ಕಾಡಿನಲ್ಲಿ ತಬ್ಬಲಿ ಆನೆಮರಿಗಳನ್ನು ಸಾಕಿದ ಬೊಮ್ಮನ್, ಬೆಳ್ಳಿ ದಂಪತಿಯ ಚಿತ್ರ. 2023ರಲ್ಲಿ ಕಿರು ಸಾಕ್ಷ್ಯಚಿತ್ರ ವಿಭಾಗದ ಆಸ್ಕರ್ ಪಡೆಯಿತು. ಎರಡನೆಯ ತಿಂಗಳಿಗೆ ‘ಅಗೇನ್ಸ್ಟ್ ದ ಟೈಡ್’ (2023) ಸಿಕ್ಕರೆ ಬಿಡಬೇಡಿ. ಮುಂಬೈನ ಕೋಲಿ ಸಮುದಾಯದ ಇಬ್ಬರು ಮೀನುಗಾರ ಗೆಳೆಯರಲ್ಲಿ ಒಬ್ಬರು ಹಿರಿಯರ ಪದ್ಧತಿಯಲ್ಲೇ ದಡದ ಹತ್ತಿರ ಬಲೆ ಹಾಕುತ್ತಾರೆ, ಇನ್ನೊಬ್ಬರು ಸಾಲ ಮಾಡಿ ಆಳಸಮುದ್ರಕ್ಕೆ ಹೋಗಿ ಎಲ್‌ಇಡಿ ಬೆಳಕಿನತ್ತ ವಾಲುತ್ತಾರೆ. ಬೆಳಕು ಹಾಯಿಸಿ ಮೀನು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಮಲ್ಪೆ, ಕಾರವಾರದಲ್ಲಿ ಇದೇ ಜಗಳ ಇವತ್ತಿಗೂ ನಡೆಯುತ್ತಿರುವುದರಿಂದ ಮಕ್ಕಳಿಗೆ ಚರ್ಚೆಗೆ ದಾರಿ ಸಿಗುತ್ತದೆ.

‘ಆಲ್ ದಟ್ ಬ್ರೀತ್ಸ್’ (2022) ನಿಧಾನದ ಚಿತ್ರ. ದೆಹಲಿಯ ವಜೀರಾಬಾದ್‌ನಲ್ಲಿ ಗಾಯಗೊಂಡ ಹದ್ದುಗಳಿಗೆ ಶುಶ್ರೂಷೆ ಮಾಡುವ ಅಣ್ಣತಮ್ಮಂದಿರ ಕಥೆ. ಅದನ್ನು ಮೂರನೆಯದಾಗಿಯೋ ನಾಲ್ಕನೆಯದಾಗಿಯೋ ಇಡಿ, ಆ ಹೊತ್ತಿಗೆ ಮಕ್ಕಳ ಕಣ್ಣು ಹದಕ್ಕೆ ಬಂದಿರುತ್ತದೆ. ಸಂಗೀತದ ಒಲವಿರುವ ತರಗತಿಯಾದರೆ ಬೆಂಗಳೂರಿನ ಶಬನಂ ವಿರ್ಮಾನಿಯವರ ‘ಕೋಯಿ ಸುನ್‌ತಾ ಹೈ’ (2008) ತೋರಿಸಿ. ಹೊಸದೇನಲ್ಲ, ಆದರೆ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರು ಕಬೀರರ ಪದಗಳಿಗೆ ಹೇಗೆ ಒಲಿದರು ಎನ್ನುವುದನ್ನು ಅಷ್ಟು ಚೆನ್ನಾಗಿ ಹಿಡಿದ ಚಿತ್ರಗಳು ಕಡಿಮೆ.

ಚಿತ್ರ ಮುಗಿದ ಮೇಲೆ ‘ಏನು ಕಲಿತಿರಿ’ ಎಂದು ಕೇಳಬೇಡಿ, ಉತ್ತರ ಪ್ರಬಂಧದ ಹಾಗೆ ಬರುತ್ತದೆ. ಒಂದು ದೃಶ್ಯವನ್ನು ಐದು ನಿಮಿಷ ಶಬ್ದ ನಿಲ್ಲಿಸಿ ಮತ್ತೆ ತೋರಿಸಿ, ‘ಕ್ಯಾಮೆರಾ ಹಿಡಿದವರು ಎಲ್ಲಿ ನಿಂತಿದ್ದರು? ಅವರು ಅಲ್ಲಿ ಇಲ್ಲದಿದ್ದರೆ ಇದೇ ಮಾತು ನಡೆಯುತ್ತಿತ್ತೆ?’ ಎಂದು ಕೇಳಿ. ತರಗತಿಯೊಳಗೆ ವಿದ್ಯಾರ್ಥಿಗಳಿಗೆ, ಸಿಬ್ಬಂದಿಗೆ, ಪೋಷಕರಿಗೆ ಚಿತ್ರ ತೋರಿಸಲು ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 52ರಲ್ಲಿ ಅವಕಾಶವಿದೆ. ಒಟಿಟಿ ಖಾತೆಯ ಕರಾರು ಬೇರೆ, ಅದು ಮನೆಬಳಕೆಗೆ ಮಾತ್ರ. ನೆಟ್‌ಫ್ಲಿಕ್ಸ್ ತನ್ನ ಕೆಲವು ಸಾಕ್ಷ್ಯಚಿತ್ರಗಳಿಗೆ ಶಾಲೆ ಕಾಲೇಜುಗಳಲ್ಲಿ ಲಾಭವಿಲ್ಲದೆ ತೋರಿಸುವ ಅನುಮತಿ ಕೊಡುತ್ತದೆ. ಆಯಾ ಚಿತ್ರಕ್ಕೆ ಅದು ಇದೆಯೇ ನೋಡಿಕೊಳ್ಳಿ.

ಪ್ರಶ್ನೆ: ಪೌರಕಾರ್ಮಿಕ ಮಹಿಳೆಯರ ಬಗ್ಗೆ ಅರ್ಧ ಗಂಟೆಯ ಚಿತ್ರ ಮಾಡುತ್ತಿದ್ದೇವೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡರೆ ಸಾಕೇ? ಕೆಲವರು ಚಿತ್ರೀಕರಣ ಆದ ಮೇಲೆ ‘ಬೇಡ’ ಎನ್ನುತ್ತಿದ್ದಾರೆ. (ಇಬ್ಬರು ಗೆಳೆಯರು, ಹುಬ್ಬಳ್ಳಿ)

ಸಹಿ ನಿಮ್ಮನ್ನು ಕಾಯುತ್ತದೆ, ಅವರನ್ನಲ್ಲ. ಅವರು ಈಗ ‘ಬೇಡ’ ಎನ್ನಲು ಬಹುಶಃ ಕಾರಣವಿದೆ: ಗುತ್ತಿಗೆದಾರನ ಕಿವಿಗೆ ಬಿದ್ದರೆ ನಾಳೆಯಿಂದ ಹಾಜರಿ ಪುಸ್ತಕದಲ್ಲಿ ಹೆಸರಿರುವುದಿಲ್ಲ. ಈ ಹೆದರಿಕೆಯನ್ನು ನೀವು ಮೊದಲೇ ಅವರ ಜೊತೆ ಕೂತು ಮಾತಾಡಿದ್ದರೆ ಅರ್ಧ ತೊಂದರೆ ತಪ್ಪುತ್ತಿತ್ತು. ಈಗಲೂ ಹೊತ್ತು ಮೀರಿಲ್ಲ.

ಒಪ್ಪಿಗೆಯನ್ನು ಮೂರು ಸಲ ಕೇಳಿ. ಮೊದಲನೆಯದು ಕ್ಯಾಮೆರಾ ಚೀಲದಿಂದ ಹೊರಗೆ ಬರುವ ಮುಂಚೆ. ಎರಡನೆಯದು ಚಿತ್ರೀಕರಣ ಮುಗಿದು ಒಂದೆರಡು ದಿನ ಕಳೆದ ಮೇಲೆ, ಮನಸ್ಸು ತಿಳಿಯಾದಾಗ. ಅತ್ತು ಮುಗಿಸಿದವರ ಮುಂದೆ ಆಗಲೇ ಕಾಗದ ಹಿಡಿಯುವುದು ಅನ್ಯಾಯ. ಮೂರನೆಯದು ಒರಟು ಸಂಕಲನ (ರಫ್ ಕಟ್, ಅಂದರೆ ಇನ್ನೂ ಅಂತಿಮವಾಗದ ಜೋಡಣೆ) ತೋರಿಸಿದಾಗ. ಪತ್ರ ಅವರಾಡುವ ಕನ್ನಡದಲ್ಲೇ ಇರಲಿ, ಒಂದು ಪುಟ ದಾಟದಿರಲಿ. ಅದರಲ್ಲಿ ಇಷ್ಟು ಬರಬೇಕು: ಚಿತ್ರ ಮಾಡುತ್ತಿರುವವರು ಯಾರು, ಹಣ ಎಲ್ಲಿಂದ, ಎಲ್ಲೆಲ್ಲಿ ತೋರಿಸುತ್ತೀರಿ (ಉತ್ಸವ, ಟಿವಿ, ಯೂಟ್ಯೂಬ್ ಪ್ರತ್ಯೇಕವಾಗಿ, ಒಂದೊಂದಕ್ಕೂ ಹೌದು ಅಥವಾ ಇಲ್ಲ), ಹೆಸರು ಮುಖ ಹಾಕಬಹುದೇ, ಸಂಕಲನ ಅಂತಿಮವಾಗುವ ಯಾವ ತಾರೀಖಿನವರೆಗೆ ಹಿಂದೆ ಸರಿಯಬಹುದು, ನಿಮ್ಮ ಫೋನ್ ನಂಬರ್. ಒಂದು ಪ್ರತಿ ಅವರ ಕೈಯಲ್ಲಿರಲೇಬೇಕು. ಓದು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳಿ, ಅವರದೇ ಮಾತಿನಲ್ಲಿ ತಿರುಗಿ ಹೇಳಿಸಿ, ಅದನ್ನು ದಿನಾಂಕ ಮತ್ತು ಸಾಕ್ಷಿದಾರರ ಸಮೇತ ವಿಡಿಯೊ ಮಾಡಿಟ್ಟುಕೊಳ್ಳಿ.

ಒರಟು ಸಂಕಲನ ತೋರಿಸಿದರೆ ಚಿತ್ರ ಕೈತಪ್ಪುತ್ತದೆ ಎಂಬ ಭಯ ಹಲವರಿಗಿದೆ. ತೋರಿಸದೆ ಇದ್ದರೂ ಕೈತಪ್ಪಬಹುದು. ಉತ್ತರ ಪ್ರದೇಶದ ಬುಂದೇಲ್‌ಖಂಡದಲ್ಲಿ 2002ರಿಂದ ದಲಿತ ಮತ್ತು ಹಿಂದುಳಿದ ಸಮುದಾಯದ ಹೆಣ್ಣುಮಕ್ಕಳು ನಡೆಸುತ್ತಿರುವ ‘ಖಬರ್ ಲಹರಿಯಾ’ ಸುದ್ದಿಸಂಸ್ಥೆಯ ಬಗ್ಗೆ ‘ರೈಟಿಂಗ್ ವಿತ್ ಫೈರ್’ (2021) ಎಂಬ ಒಳ್ಳೆಯ ಚಿತ್ರ ಬಂತು, ಆಸ್ಕರ್‌ಗೆ ನಾಮನಿರ್ದೇಶನವೂ ಆಯಿತು. ಪ್ರಶಸ್ತಿ ಸಮಾರಂಭಕ್ಕೆ ಕೆಲವೇ ದಿನ ಇರುವಾಗ, ಚಿತ್ರ ತಮ್ಮ ಕೆಲಸದ ಒಂದು ಪಾಲನ್ನು ಮಾತ್ರ ಹೇಳುತ್ತದೆ, ಒಂದೇ ರಾಜಕೀಯ ಪಕ್ಷದ ಬಗ್ಗೆಯೇ ವರದಿ ಮಾಡುವವರು ಎಂಬಂತೆ ತೋರಿಸಿರುವುದು ಸರಿಯಲ್ಲ ಎಂದು ಸಂಸ್ಥೆಯವರೇ ಬಹಿರಂಗ ಹೇಳಿಕೆ ಕೊಟ್ಟರು. ಕತ್ತರಿ ನಿಮ್ಮ ಕೈಯಲ್ಲೇ ಇರಲಿ, ಆದರೆ ‘ಇದರಲ್ಲಿ ತಪ್ಪು ಮಾಹಿತಿ ಏನಿದೆ? ಯಾವುದರಿಂದ ನಿಮಗೆ ಅಪಾಯ?’ ಎಂಬ ಎರಡು ಪ್ರಶ್ನೆ ಕೇಳಿ, ಅವರು ಹೇಳಿದ್ದನ್ನು ತಿದ್ದಿಕೊಳ್ಳಿ.

ಗುರುತು ಮರೆಸಬೇಕೆಂದರೆ ಅದು ಚಿತ್ರೀಕರಣದ ಹೊತ್ತಿನಲ್ಲೇ ಆಗಬೇಕು. ಆಮೇಲೆ ಮುಖಕ್ಕೆ ಮಸುಕು ಹಾಕಿದರೆ ಓಣಿಯವರಿಗೆ ಧ್ವನಿ, ಬಳೆ, ನಡಿಗೆ, ಹಿಂದಿನ ಗೋಡೆಯ ಬಣ್ಣ ಸಾಕು. ಕೈ, ಪೊರಕೆ, ತಳ್ಳುಗಾಡಿ, ನೆರಳು, ಇವುಗಳಲ್ಲೇ ಚಿತ್ರ ಕಟ್ಟಿ. ಧ್ವನಿಯ ಶ್ರುತಿ ಬದಲಿಸುವುದನ್ನು ನಂಬಬೇಡಿ, ಅದನ್ನು ಮತ್ತೆ ಮೊದಲಿನಂತೆ ಮಾಡಬಹುದು. ಅದೇ ಮಾತನ್ನು ಇನ್ನೊಬ್ಬರಿಂದ ಹೇಳಿಸಿ, ಹಾಗೆ ಮಾಡಿದ್ದೇವೆಂದು ತೆರೆಯ ಮೇಲೆ ಬರೆಯಿರಿ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಯಲು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 72ರ ಪ್ರಕಾರ ಅಪರಾಧ. ಮಕ್ಕಳಾಗಿದ್ದರೆ ಪೋಕ್ಸೊ ಕಾಯ್ದೆಯ ಸೆಕ್ಷನ್ 23 ಇನ್ನೂ ಬಿಗಿ: ಶಾಲೆ, ಮನೆ, ನೆರೆಹೊರೆ ಯಾವುದೂ ಗೊತ್ತಾಗಬಾರದು.

ಇನ್ನು ದುಡ್ಡು. ಮಾತಿಗೆ ಬೆಲೆ ಕಟ್ಟಬೇಡಿ, ಆದರೆ ನಿಮ್ಮಿಂದಾಗಿ ತಪ್ಪಿದ ದಿನಗೂಲಿಯನ್ನು ಪೂರ್ತಿ ಕೊಡಿ. ಎಲ್ಲರಿಗೂ ಒಂದೇ ಲೆಕ್ಕ, ಬರವಣಿಗೆಯಲ್ಲಿ. ಮ್ಯಾನ್‌ಹೋಲ್‌ಗೆ ಇಳಿಸಿದ ಬಗ್ಗೆ ಯಾರಾದರೂ ಹೇಳಿದರೆ ಆ ಮೂಲ ಫೈಲನ್ನು ಕತ್ತರಿಸದೆ, ಹೆಸರು ಬದಲಿಸದೆ ಕಾಪಿಡಿ. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯಡಿ ಶಿಕ್ಷೆ ಇರುವುದು ಇಳಿಸಿದವರಿಗೆ. ನಾಳೆ ಅದು ನ್ಯಾಯಾಲಯಕ್ಕೆ ಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರಲ್ಲಿ ಡಿಜಿಟಲ್ ದಾಖಲೆಗಳಿಗೆ ಹೇಳಿರುವ ಪ್ರಮಾಣಪತ್ರ ಕೊಡಬೇಕಾಗುತ್ತದೆ, ಮೂಲ ಫೈಲ್ ಕೈಯಲ್ಲಿಲ್ಲದಿದ್ದರೆ ಅದು ಕಷ್ಟ.

ಪ್ರಶ್ನೆ: ನಮ್ಮ ಗುತ್ತಿನ ಮನೆಯ ದೈವದ ಕೋಲವನ್ನು ಪೂರ್ತಿ ರಾತ್ರಿ ಚಿತ್ರೀಕರಿಸಬೇಕು. ಯಾರ ಅನುಮತಿ ಬೇಕು? ಹೋದ ವರ್ಷ ಇನ್ನೊಂದು ಕಡೆ ತೆಗೆದಾಗ ಶಬ್ದವೆಲ್ಲ ಒಡೆದುಹೋಗಿತ್ತು, ಮುಖದ ಬಣ್ಣ ಒಂದೊಂದು ಶಾಟ್‌ನಲ್ಲಿ ಒಂದೊಂದು ಥರ. (ಬೆಳ್ತಂಗಡಿ)

ಗುತ್ತಿನ ಯಜಮಾನರು, ಆಡಳಿತ ಸಮಿತಿ ಒಪ್ಪಿದರೆ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಕೋಲ ಕಟ್ಟುವವರನ್ನು, ಪಾಡ್ದನ (ದೈವದ ಕಥೆಯ ಹಾಡು) ಹೇಳುವ ಅವರ ಮನೆಯ ಹೆಂಗಸರನ್ನು, ವಾದ್ಯದವರನ್ನು ಬೇರೆಬೇರೆಯಾಗಿ ಕೇಳಲೇಬೇಕು. ನಲಿಕೆ, ಪಂಬದ, ಪರವ ಸಮುದಾಯದ ಈ ಕಲಾವಿದರು ಯಜಮಾನರ ಎದುರಿಗೆ ‘ಬೇಡ’ ಎನ್ನಲಾರರು, ಆದ್ದರಿಂದ ಅವರ ಮನೆಗೇ ಹೋಗಿ ಕೇಳಿ. ಭಂಡಾರ (ದೈವದ ಒಡವೆ, ಆಯುಧ) ಬರುವುದು, ಎಣ್ಣೆ ಬೂಳ್ಯ (ಕೋಲ ಕಟ್ಟುವವರಿಗೆ ಎಣ್ಣೆ, ವೀಳ್ಯ ಕೊಡುವುದು), ಮುಖಕ್ಕೆ ಬಣ್ಣ ಬರೆಯುವುದು, ಗಗ್ಗರ (ಕಾಲ್ಗೆಜ್ಜೆ) ಕಟ್ಟುವುದು, ಅಣಿ (ಬೆನ್ನಿಗೆ ಕಟ್ಟುವ ಎತ್ತರದ ಅಲಂಕಾರ) ಏರಿಸುವುದು, ಆವೇಶ: ಒಂದೊಂದನ್ನೂ ಹೆಸರಿಸಿ, ಇದನ್ನು ತೆಗೆಯಬಹುದೇ, ಎಷ್ಟು ಹತ್ತಿರದಿಂದ ಎಂದು ಕೇಳಿ ಬರೆದುಕೊಳ್ಳಿ. ಕೆಲವು ಸ್ಥಾನಗಳಲ್ಲಿ ಆವೇಶದ ಭಾಗಕ್ಕೆ ಕ್ಯಾಮೆರಾ ಕೆಳಗಿಡುವುದು ಕಟ್ಟಳೆ, ಅದನ್ನು ಮೀರಬಾರದು.

ಇನ್ನೊಂದು ವಿಚಾರವನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ದೈವದ ಮುಂದೆ ಜನ ಹೇಳಿಕೊಳ್ಳುವುದು ಆಸ್ತಿ ಜಗಳ, ಮನೆಯ ಕಾಯಿಲೆ, ಮದುವೆ ಮುರಿದದ್ದು. ಅವರು ಹೇಳುವುದು ದೈವಕ್ಕೆ, ನಿಮ್ಮ ಮೈಕಿಗಲ್ಲ. ಆ ಭಾಗದಲ್ಲಿ ಶಬ್ದ ನಿಲ್ಲಿಸಿ, ದೂರದ ಶಾಟ್ ಮಾತ್ರ ಇಟ್ಟುಕೊಳ್ಳಿ.

ಬಣ್ಣ ಬದಲಾಗಲು ಕಾರಣ ಆಟೋ ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿಗೆ ತಕ್ಕಂತೆ ಕ್ಯಾಮೆರಾ ತಾನೇ ಬಣ್ಣ ಹೊಂದಿಸಿಕೊಳ್ಳುವುದು. ದೊಂದಿಯ ಬೆಳಕು ಕೆಂಪು, ಟ್ಯೂಬ್‌ಲೈಟ್ ನೀಲಿ. ಯಾವುದು ಚೌಕಟ್ಟಿಗೆ ಬಂದರೂ ಕ್ಯಾಮೆರಾ ಅದರ ಕಡೆ ಜಾರುತ್ತದೆ, ಹಳದಿ ಬರೆದ ಮುಖ ಒಮ್ಮೆ ಹಸಿರು, ಒಮ್ಮೆ ಕಿತ್ತಳೆ ಆಗುತ್ತದೆ. ವೈಟ್ ಬ್ಯಾಲೆನ್ಸನ್ನು 4000 ಕೆಲ್ವಿನ್ ಆಸುಪಾಸಿಗೆ ಬಿಗಿದುಬಿಟ್ಟು ರಾತ್ರಿಯಿಡೀ ಮುಟ್ಟಬೇಡಿ, ಉಳಿದದ್ದನ್ನು ಸಂಕಲನದಲ್ಲಿ ಸರಿಮಾಡಬಹುದು. ಸ್ವಂತ ಲೈಟು, ಫ್ಲ್ಯಾಶ್ ಖಂಡಿತ ಬೇಡ.

ಶಬ್ದ ಒಡೆದದ್ದು ತಾಸೆ, ಡೋಲು, ಸಿಡಿಮದ್ದಿನ ಹೊಡೆತಕ್ಕೆ. ಒಮ್ಮೆ ಮೇಲ್ಮಿತಿ ಮುಟ್ಟಿ ಒಡೆದ ಶಬ್ದವನ್ನು ಯಾವ ಸಾಫ್ಟ್‌ವೇರೂ ಪೂರ್ತಿ ಸರಿಮಾಡದು. ಪ್ರತ್ಯೇಕ ರೆಕಾರ್ಡರನ್ನು ವಾದ್ಯದವರಿಂದ 15–20 ಅಡಿ ದೂರ, ಎದೆಮಟ್ಟಕ್ಕಿಂತ ಎತ್ತರದಲ್ಲಿಡಿ. ಅತಿ ಜೋರಿನ ಹೊಡೆತವೂ ರೆಕಾರ್ಡರಿನ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ದಾಟದಂತೆ ಹೊಂದಿಸಿ. ಎರಡನೆಯ ಟ್ರ್ಯಾಕನ್ನು ಅದಕ್ಕಿಂತ 10 ಡೆಸಿಬೆಲ್ ತಗ್ಗಿಸಿ ತುಂಬಿಕೊಳ್ಳಿ. 32 ಬಿಟ್ ಫ್ಲೋಟ್ ರೆಕಾರ್ಡರ್ ಬಾಡಿಗೆಗೆ ಸಿಕ್ಕರೆ ಈ ಚಿಂತೆ ಬಹುಪಾಲು ಇಲ್ಲ. ಪಾಡ್ದನ ಮತ್ತು ಅದರ ಜೊತೆ ಬಾರಿಸುವ ತೆಂಬರೆ ವಾದ್ಯದ ದನಿ ಜನರ ಗದ್ದಲದಲ್ಲಿ ಕೇಳುವುದೇ ಇಲ್ಲ. ಹಾಡುವವರು ಒಪ್ಪಿದರೆ ಇನ್ನೊಂದು ದಿನ ಅವರ ಅಂಗಳದಲ್ಲಿ ಪೂರ್ತಿ ಹಾಡಿಸಿ ತುಂಬಿಕೊಳ್ಳಿ, ಅದಕ್ಕೆ ಸಂಭಾವನೆ ಕೊಡಿ, ಪ್ರತಿಯನ್ನೂ ಕೊಡಿ. ಬ್ಯಾಟರಿ, ಕಾರ್ಡು ಬದಲಿಸುವುದು ಅಣಿ ಏರಿಸುವ ಮುಂಚೆಯೇ ಆಗಲಿ, ಅರ್ಧ ತುಂಬಿದ ಕಾರ್ಡನ್ನೂ ಆಗ ತೆಗೆದುಬಿಡಿ.

ಪ್ರಶ್ನೆ: ಮನೆಯೊಳಗೆ ಅಜ್ಜಿಯ ಸಂದರ್ಶನ ಮಾಡಿದೆ. ಕಾಲರ್ ಮೈಕ್ ಹಾಕಿದರೂ ಪಟಪಟ, ಸರಸರ ಸದ್ದು. (ಹಾವೇರಿ)

ಸರಸರ ಸದ್ದು ರೇಷ್ಮೆ ಸೀರೆಯದು, ಪಟಪಟ ಸದ್ದು ಮಾಂಗಲ್ಯ ಸರ ಮೈಕಿಗೆ ತಾಗಿದ್ದು. ಮೆತ್ತನೆಯ ಹತ್ತಿ ಸೀರೆ ಉಟ್ಟು ಕೂರಲು ಮೊದಲೇ ಕೇಳಿಕೊಳ್ಳಿ. ಮೈಕನ್ನು ಗದ್ದದಿಂದ ಒಂದು ಗೇಣು ಕೆಳಗೆ, ಸರ ಬೀಳುವ ಜಾಗ ತಪ್ಪಿಸಿ ಸೆರಗಿನ ಅಂಚಿಗೆ ಸಿಕ್ಕಿಸಿ, ತಂತಿಯನ್ನು ಒಂದು ಸುತ್ತು ಮಡಚಿ ಬಟ್ಟೆಗೆ ಅಂಟಿಸಿ. ಹಾಗೆ ಮಾಡಿದರೆ ಎಳೆದ ಸದ್ದು ಮೈಕಿಗೆ ಏರುವುದಿಲ್ಲ. ಸಿಕ್ಕಿಸುವುದನ್ನು ಮನೆಯ ಹೆಣ್ಣುಮಗಳೇ ಮಾಡಲಿ. ಫ್ಯಾನ್ ಆರಿಸಿ. ಫ್ರಿಜ್ ಆರಿಸಿದರೆ ನಿಮ್ಮ ಬೈಕ್ ಕೀಲಿಯನ್ನು ಅದರೊಳಗಿಡಿ, ಮತ್ತೆ ಹಾಕದೆ ಹೋಗಲಾರಿರಿ. ಹೆಡ್‌ಫೋನ್ ಕಿವಿಯಲ್ಲಿರಲೇಬೇಕು. ಕೊನೆಗೆ ಯಾರೂ ಮಾತಾಡದೆ ಒಂದು ನಿಮಿಷ ಕೋಣೆಯ ಮೌನವನ್ನೇ ತುಂಬಿಕೊಳ್ಳಿ, ಮಾತು ಕತ್ತರಿಸಿ ಜೋಡಿಸುವಾಗ ನಡುವಿನ ಖಾಲಿಗೆ ಅದೇ ಬೇಕು. ಈಗಾಗಲೇ ತೆಗೆದದ್ದನ್ನು ಎಸೆಯಬೇಡಿ. ಸದ್ದು ಬಂದ ವಾಕ್ಯಗಳನ್ನಷ್ಟೇ ಪಟ್ಟಿ ಮಾಡಿ, ಅಜ್ಜಿಯನ್ನು ಅದೇ ಜಾಗದಲ್ಲಿ ಕೂರಿಸಿ ಮತ್ತೆ ಹೇಳಿಸಿ.

ಪ್ರಶ್ನೆ: ಮೊಬೈಲ್‌ನಲ್ಲೇ ತೆಗೆಯಬಹುದೇ? ಯಾವ ಸೆಟ್ಟಿಂಗ್? (ಕೊಪ್ಪಳ)

ಧಾರಾಳವಾಗಿ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50, ಎರಡನ್ನೂ ಬಿಗಿಯಿರಿ. ನಮ್ಮ ವಿದ್ಯುತ್ 50 ಹರ್ಟ್ಜ್ ಆದ್ದರಿಂದ ಫೋನಿನ ಮಾಮೂಲಿ 30 ಫ್ರೇಮ್, 1/60ರಲ್ಲಿ ಟ್ಯೂಬ್‌ಲೈಟ್, ಎಲ್‌ಇಡಿ ಮಿನುಗುತ್ತವೆ. ಫ್ರೇಮ್ ವೇಗ ಆಟೋದಲ್ಲಿದ್ದರೆ ಅದು ನಡುನಡುವೆ ಏರಿಳಿದು, ಅರ್ಧ ಗಂಟೆಯ ಸಂದರ್ಶನದ ಕೊನೆಗೆ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ ಆಗುತ್ತದೆ. ಬೇರೆ ರೆಕಾರ್ಡರ್ ಇದ್ದರೆ 48 ಕಿಲೋಹರ್ಟ್ಜ್, 24 ಬಿಟ್. ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ. 100 ಎಂಬಿಪಿಎಸ್‌ನ 4ಕೆ ವಿಡಿಯೊ ಗಂಟೆಗೆ 45 ಜಿಬಿ ತಿನ್ನುತ್ತದೆ. 40 ಗಂಟೆಗೆ 1.8 ಟಿಬಿ, ಅದರ ಎರಡು ಪ್ರತಿ, ಬೇರೆಬೇರೆ ಮನೆಯಲ್ಲಿ. ಎರಡನೆಯ ಪ್ರತಿ ತೆರೆದು ನೋಡುವವರೆಗೆ ಫೋನಿನಿಂದ ಏನನ್ನೂ ಅಳಿಸಬೇಡಿ.

ಪ್ರಶ್ನೆ: ಎರಡು ವರ್ಷದ ಚಿತ್ರೀಕರಣ, ರಾಶಿ ಫುಟೇಜ್. ಸಂಕಲನ ಎಲ್ಲಿಂದ ಶುರು? (ಮೈಸೂರು)

ಸಾಫ್ಟ್‌ವೇರ್ ಮುಚ್ಚಿ, ಕಾಗದದಿಂದ. ಎಲ್ಲವನ್ನೂ ಒಮ್ಮೆ ನಿಲ್ಲಿಸದೆ ನೋಡಿ, ಮೈ ಜುಮ್ಮೆಂದ ಕಡೆ ಮಾತ್ರ ಸಮಯ ಗುರುತು ಹಾಕಿ. ಆ ಮೊದಲ ಅನಿಸಿಕೆ ಐವತ್ತನೆಯ ಸಲ ನೋಡುವಾಗ ಉಳಿದಿರುವುದಿಲ್ಲ. ಸಂದರ್ಶನಗಳನ್ನು ಆಡಿದ ಹಾಗೆಯೇ, ‘ಹ್ಞೂಂ’, ‘ಅದೇನೋ’ಗಳ ಸಮೇತ, ಟೈಮ್‌ಕೋಡ್ ಜೊತೆ ಬರೆದಿಳಿಸಿ. ಯಂತ್ರ ಮಾತು ಕೇಳಿ ಬರೆದುಕೊಡುವುದು ಬೆಂಗಳೂರು-ಮೈಸೂರಿನ ಕನ್ನಡಕ್ಕೆ ನಡೆದೀತು, ಕಲಬುರಗಿ ಅಥವಾ ಕುಂದಾಪುರದ ಮಾತಿಗೆ ಕುಳಿತು ತಿದ್ದಲೇಬೇಕು. ಆಮೇಲೆ ಒಂದು ದೃಶ್ಯಕ್ಕೆ ಒಂದು ಚೀಟಿ, ಅದರ ಮೇಲೆ ‘ಇಲ್ಲಿ ಏನು ಬದಲಾಗುತ್ತದೆ’ ಎಂದು ಒಂದೇ ಸಾಲು. ಬರೆಯಲು ಏನೂ ಸಿಗದಿದ್ದರೆ ಅದು ದೃಶ್ಯವಲ್ಲ, ಪಕ್ಕಕ್ಕಿಡಿ. ಚೀಟಿಗಳನ್ನು ನೆಲದ ಮೇಲೆ ಹರಡಿ ಕ್ರಮ ಹುಡುಕಿ.

ಒಂದು ಗಂಟೆಯ ಚಿತ್ರಕ್ಕೆ ಮೊದಲ ಜೋಡಣೆ ಮೂರು ಗಂಟೆ ಬಂದರೆ ಗಾಬರಿ ಬೇಡ. ಗಾಬರಿಯಾಗಬೇಕಾದದ್ದು ಕ್ರಮ ಬದಲಿಸಿ ವ್ಯಕ್ತಿಯ ಮಾತಿನ ಅರ್ಥ ತಿರುಗಿಸಿದಾಗ. ಬೇರೆ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಇನ್ನೊಂದಕ್ಕೆ ಅಂಟಿಸುವುದು, ಯಾವುದೋ ದಿನದ ಕಣ್ಣೀರನ್ನು ಇನ್ನೊಂದು ಸುದ್ದಿಯ ನಂತರ ಇಡುವುದು ನೋಡುವವರಿಗೆ ಗೊತ್ತಾಗದೆ ಇರಬಹುದು, ಆಡಿದವರಿಗೆ ಗೊತ್ತಾಗುತ್ತದೆ.

ಪ್ರಶ್ನೆ: ಚಿತ್ರದಲ್ಲಿ ಬೇಂದ್ರೆಯವರ ಪದ್ಯ, ಹಳೆಯ ಸಿನಿಮಾ ಹಾಡು, ಮನೆಯ ಹಳೇ ಫೋಟೊ ಬಳಸಬೇಕು. ಹತ್ತು ಸೆಕೆಂಡಿಗಿಂತ ಕಡಿಮೆಯಾದರೆ ಅನುಮತಿ ಬೇಡವಂತೆ? (ಧಾರವಾಡ)

ಹತ್ತು ಸೆಕೆಂಡಿನ ವಿನಾಯಿತಿ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಕೃತಿಸ್ವಾಮ್ಯ ಬರೆದವರು ತೀರಿಕೊಂಡ ಮರುವರ್ಷದಿಂದ 60 ವರ್ಷ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಹಾಗಾಗಿ 2041ರ ಕೊನೆಯವರೆಗೆ ಹಕ್ಕುದಾರರ ಲಿಖಿತ ಅನುಮತಿ ಬೇಕು. ಕುವೆಂಪು (1994) ಅವರದಕ್ಕೆ 2054ರವರೆಗೆ. 1946ರಲ್ಲಿ ತೀರಿಕೊಂಡ ಬಿ.ಎಂ. ಶ್ರೀಕಂಠಯ್ಯನವರ ಸ್ವಂತ ಪದ್ಯಗಳು ಈಗ ಮುಕ್ತ.

ಸಿನಿಮಾ ಹಾಡಿನಲ್ಲಿ ಮೂರು ಹಕ್ಕು ಹೆಣೆದುಕೊಂಡಿವೆ: ಸಾಹಿತ್ಯ, ಸಂಗೀತ, ಧ್ವನಿಮುದ್ರಣ. ಮುದ್ರಣಕ್ಕೆ ಬಿಡುಗಡೆಯಿಂದ 60 ವರ್ಷ ಕಳೆದಿರಬಹುದು, ಆದರೂ ಕವಿಯ ಹಕ್ಕು ಉಳಿದಿರಬಹುದು. ಚಿತ್ರೀಕರಣದಲ್ಲಿ ಚಹದಂಗಡಿಯ ರೇಡಿಯೊ ಹಾಡು ತಾನಾಗಿ ಸೇರಿಕೊಂಡರೂ ಯೂಟ್ಯೂಬ್ ಅದನ್ನು ಹಿಡಿಯುತ್ತದೆ. ಅಂಗಡಿಯವರನ್ನು ಕೇಳಿ ರೇಡಿಯೊ ನಿಲ್ಲಿಸಿ, ಇಲ್ಲವೇ ಮಾತಿನ ಶಬ್ದವನ್ನು ಬೇರೆ ತುಂಬಿಕೊಳ್ಳಿ. ಹಿನ್ನೆಲೆಯಲ್ಲಿ ಕಾಣುವ ಚಿತ್ರಕಲೆ, ಸರ್ಕಲ್‌ನ ಪ್ರತಿಮೆಗೆ ಮಾತ್ರ ಸೆಕ್ಷನ್ 52ರ ವಿನಾಯಿತಿಯಿದೆ. ಮನೆಯವರು ದುಡ್ಡು ಕೊಟ್ಟು ಸ್ಟುಡಿಯೊದಲ್ಲಿ ತೆಗೆಸಿದ ಫೋಟೊ, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರದೇ. ಜನಪದ ಹಾಡಿಗೆ ಕವಿಯ ಹಕ್ಕು ಇಲ್ಲದಿದ್ದರೂ ಹಾಡಿದವರಿಗೆ ಪ್ರದರ್ಶಕರ ಹಕ್ಕು 50 ವರ್ಷ ಇರುತ್ತದೆ. ಅವರಿಂದ ಬರೆಸಿಕೊಳ್ಳಿ, ಹೆಸರನ್ನೂ ಹಾಕಿ.

ಪ್ರಶ್ನೆ: ಸೆನ್ಸಾರ್ ಬೇಕೇ? ಮೊದಲು ಯೂಟ್ಯೂಬ್‌ಗೆ ಹಾಕಲೇ, ಉತ್ಸವಕ್ಕೆ ಕಳಿಸಲೇ? (ಕಲಬುರಗಿ)

ಚಿತ್ರಮಂದಿರ, ಸಾರ್ವಜನಿಕ ಸಭಾಂಗಣದಲ್ಲಿ ತೋರಿಸಲು ಸಾಕ್ಷ್ಯಚಿತ್ರಕ್ಕೂ ಪ್ರಮಾಣಪತ್ರ ಬೇಕು. ಅರ್ಜಿ ‘ಇ-ಸಿನೆಪ್ರಮಾಣ್’ ಜಾಲತಾಣದಲ್ಲಿ, ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿದೆ. ಸಿನಿಮಾಟೋಗ್ರಾಫ್ ಕಾಯ್ದೆಯ 2023ರ ತಿದ್ದುಪಡಿಯ ನಂತರ ಯುಎ (ಮಕ್ಕಳು ಪೋಷಕರ ಮಾರ್ಗದರ್ಶನದಲ್ಲಿ ನೋಡಬೇಕಾದ) ದರ್ಜೆಯನ್ನು 7+, 13+, 16+ ಎಂದು ಒಡೆದಿದ್ದಾರೆ, ಪ್ರಮಾಣಪತ್ರಕ್ಕೆ ಈಗ ಹತ್ತು ವರ್ಷದ ಗಡುವಿಲ್ಲ. ಉತ್ಸವಗಳಲ್ಲಿ ತೋರಿಸಲು ಕೇಂದ್ರ ವಾರ್ತಾ ಸಚಿವಾಲಯದ ವಿನಾಯಿತಿ ಸಾಕು, ಅದನ್ನು ಉತ್ಸವದವರೇ ತರುತ್ತಾರೆ. ಆ ವಿನಾಯಿತಿಯೂ ಯಾವಾಗಲೂ ಸಲೀಸಲ್ಲ: 2019ರಲ್ಲಿ ಆನಂದ್ ಪಟವರ್ಧನ್ ಅವರ ‘ವಿವೇಕ್’ ಕೇರಳದ ಉತ್ಸವದಲ್ಲಿ ತೆರೆ ಕಂಡದ್ದು ಅಲ್ಲಿನ ಹೈಕೋರ್ಟ್ ಹೇಳಿದ ಮೇಲೆ. ಆನ್‌ಲೈನ್‌ಗೆ ಸೆನ್ಸಾರ್ ಮಂಡಳಿ ಇಲ್ಲ.

ಯೂಟ್ಯೂಬ್ ಕೊನೆಗೆ. ಆನ್‌ಲೈನ್‌ನಲ್ಲಿ ಬಂದ ಚಿತ್ರವನ್ನು ಹಲವು ಉತ್ಸವಗಳು ತೆಗೆದುಕೊಳ್ಳುವುದೇ ಇಲ್ಲ. ಮಿಫ್ ಎಂಬ ಮುಂಬೈ ಅಂತರರಾಷ್ಟ್ರೀಯ ಚಿತ್ರೋತ್ಸವ (1990ರಿಂದ, ಎರಡು ವರ್ಷಕ್ಕೊಮ್ಮೆ), ತಿರುವನಂತಪುರದ ಕಿರುಚಿತ್ರ-ಸಾಕ್ಷ್ಯಚಿತ್ರ ಉತ್ಸವ, ಈ ಎರಡರ ನಿಯಮಾವಳಿ ಮೊದಲು ಓದಿ. ಅರ್ಜಿಗೆ ಪಾಸ್‌ವರ್ಡ್ ಇರುವ ಲಿಂಕ್ ಸಾಕು, ಆಯ್ಕೆಯಾದ ಮೇಲೆ ಡಿಸಿಪಿ (ಚಿತ್ರಮಂದಿರದ ಪ್ರೊಜೆಕ್ಟರಿಗೆ ಹೊಂದುವ ಡಿಜಿಟಲ್ ಪ್ರತಿ) ಕೇಳುತ್ತಾರೆ.

ಸಬ್‌ಟೈಟಲ್‌ಗೆ ಸಮಯ ಇಟ್ಟುಕೊಳ್ಳಿ. ಎರಡೇ ಸಾಲು, ಇಂಗ್ಲಿಷ್‌ನಲ್ಲಿ ಸಾಲಿಗೆ 42 ಅಕ್ಷರದೊಳಗೆ, ತೆರೆಯ ಮೇಲೆ ಕನಿಷ್ಠ ಒಂದು ಸೆಕೆಂಡು, ಹೆಚ್ಚೆಂದರೆ ಆರೇಳು. ತುಳು, ಕೊಡವ, ಕೊಂಕಣಿ ಮಾತಿರುವ ಚಿತ್ರಕ್ಕೆ ಕನ್ನಡದ್ದೂ ಮಾಡಿಸಿ. ಕನ್ನಡದ ಒತ್ತಕ್ಷರಗಳು ಕೆಳಕ್ಕೆ ಇಳಿಯುವುದರಿಂದ ಎರಡು ಸಾಲುಗಳ ನಡುವಿನ ಅಂತರ ಇಂಗ್ಲಿಷ್‌ಗಿಂತ ಹೆಚ್ಚಿರಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗಟ್ಟಿನ ಮೇಲೆ ಕೂರುತ್ತದೆ. ಯೂನಿಕೋಡ್ ಫಾಂಟ್ ಬಳಸಿ, ಡಿಸಿಪಿ ಮಾಡಿಸುವ ಮುಂಚೆ ಒಂದು ನಿಮಿಷದ ತುಣುಕನ್ನು ದೊಡ್ಡ ತೆರೆಯ ಮೇಲೆ ಹಾಕಿಸಿ, ಕೊನೆಯ ಸಾಲಿನ ಕುರ್ಚಿಯಿಂದ ಓದಿ ನೋಡಿ.